ಸ್ವಿಚ್ಚು ಬಿಚ್ಚುವ ಪುಟ್ಟಸಿದ್ದಯ್ಯ

"ಉಸ್ರು ಬುಡಬ್ಯಾಡ ಕಣ್ಲಾ. ಬುಟ್ಟೋ, ಓಯ್ತು ಗುಂಡು."

ಪ್ರಭುಸ್ವಾಮಿ ಉಸಿರು ಕಟ್ಟಿ ನಿಲ್ಲುತ್ತಾನೆ. ಪಕ್ಕದಲ್ಲಿರುವ ಅವನ ಹೆಂಡತಿ ಕವಿತ, ತನಗೆ ಯಾರೂ ಹೇಳದಿದ್ದರೂ, ತಾನೂ ಕಟ್ಟುತ್ತಾಳೆ. ಮೋಟಾರ್ ಸೈಕಲ್ಲಿನ ಎಡಗೈ ಹಿಡಿಯಿಂದ ಕಳಚಿದ ಕಪ್ಪು ಸ್ವಿಚ್ಚು ಪುಟ್ಟಸಿದ್ದಯ್ಯನವರ ಮಡಿಲಲ್ಲಿ, ಒದ್ದೆ ಟವೆಲ್ಲಿನ ಮೇಲೆ ಅಂಗಾತ ಮಲಗಿದೆ. ಅವರ ಹೆಬ್ಬೆರಳು ಒಳಗಿನ ಒಂದು ಪುಟ್ಟ ನಾಲಗೆಯನ್ನು ಒತ್ತಿ ಹಿಡಿದಿದೆ. ಅದರ ಅಡಿಯಲ್ಲಿ ಸ್ಪ್ರಿಂಗು, ಸ್ಪ್ರಿಂಗಿನ ತಲೆಯ ಮೇಲೆ ಕೊತ್ತಂಬರಿ ಬೀಜದಷ್ಟು ದಪ್ಪದ ಉಕ್ಕಿನ ಗುಂಡು. ಹೆಬ್ಬೆರಳು ಕೂದಲೆಳೆಯಷ್ಟು ಸಡಿಲುತ್ತದೆ. ಟಿಕ್. ಗುಂಡು ಹಾರಿ ಟವೆಲ್ಲಿನ ಮೇಲೆ ಬೀಳುತ್ತದೆ, ಬಿದ್ದಲ್ಲೇ ಕೂರುತ್ತದೆ.

"ಈಗ ಬುಡು," ಎನ್ನುತ್ತಾರೆ.

ಮೂವರೂ ಒಟ್ಟಿಗೆ ಉಸಿರು ಬಿಡುತ್ತಾರೆ. ಮಾಗಿಯ ಚಳಿಗೆ ಮೂರು ಬಾಯಿಂದಲೂ ಹಬೆ ಎದ್ದು, ಒಂದಾಗಿ, ಮಂಜಿನೊಳಗೆ ಹೋಗಿ ಸೇರಿಕೊಳ್ಳುತ್ತದೆ.

ಗುರುವಾರ, ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆ ಕಾಮಗೆರೆಯನ್ನು ದಾಟುವಲ್ಲಿ ಬಾಗಿಲು ಮುಚ್ಚಿ ವರ್ಷಗಳಾದ ಒಂದು ರಾಗಿ ಮಿಲ್ಲಿದೆ. ಅದರ ಜಗಲಿಯೇ ಪುಟ್ಟಸಿದ್ದಯ್ಯನವರ ಅಂಗಡಿ. ಬೋರ್ಡಿಲ್ಲ. ಮೊಳೆಗೆ ನೇತುಬಿಟ್ಟ ಸತ್ತ ಸ್ವಿಚ್ಚುಗಳ ಗೊಂಚಲೇ ಬೋರ್ಡು. ಗಾಳಿ ಬೀಸಿದಾಗ ಅವು ಹಗಲು ನಿದ್ದೆಯ ಬಾವಲಿಗಳಂತೆ ಮೆಲ್ಲಗೆ ತೂಗುತ್ತವೆ. ಈ ಹೊತ್ತಿನಲ್ಲಿ ರಸ್ತೆಗೆ ಎರಡು ತುದಿಯೂ ಇಲ್ಲ. ಮಾದಪ್ಪನ ಬೆಟ್ಟಕ್ಕೆ ಹೊರಟವರ ಬೈಕುಗಳು ಮಂಜಿನಲ್ಲಿ ಹುಟ್ಟಿ ಮಂಜಿನಲ್ಲೇ ಕರಗುತ್ತವೆ. ಮೊದಲು ಬೆಳಕು ಬರುತ್ತದೆ, ಆಮೇಲೆ ಸದ್ದು, ಎಲ್ಲಕ್ಕಿಂತ ಕೊನೆಗೆ ಕಂಬಳಿ ಹೊದ್ದ ಮನುಷ್ಯ.

ಪುಟ್ಟಸಿದ್ದಯ್ಯನವರಿಗೆ ಅರವತ್ತೊಂದು. ಹಳೆಯ ಬೈಕುಗಳ ಹ್ಯಾಂಡಲ್ ಸ್ವಿಚ್ಚು ರಿಪೇರಿ ಅವರ ಕಸುಬು. ಅಷ್ಟೇ, ಬೇರೇನೂ ಅಲ್ಲ. ಎಂಜಿನ್ನಿಗೆ ಕೈ ಹಾಕುವುದಿಲ್ಲ, ಪಂಕ್ಚರ್ ಮುಟ್ಟುವುದಿಲ್ಲ, ಚೈನು ಬಿಗಿ ಮಾಡಿಕೊಡಿ ಎಂದು ಬಂದವರಿಗೆ ರಸ್ತೆಯಾಚೆಯ ಗ್ಯಾರೇಜನ್ನು ಗದ್ದ ಎತ್ತಿ ತೋರಿಸುತ್ತಾರೆ. ಹಾರನ್ನು, ಡಿಮ್ಮು-ಡಿಪ್ಪು, ಇಂಡಿಕೇಟರು. ಎಡಗೈ ಹೆಬ್ಬೆರಳಿನ ಮೂರು ಕೆಲಸಗಳಲ್ಲಿ ಅವರ ಮೂವತ್ತೆರಡು ವರ್ಷ ಕಳೆದಿದೆ.

"ಇಂಜಿನ್ನು ಗಾಡಿದು ಕಣ್ರಿ, ಸ್ವಿಚ್ಚು ಮನುಸುಂದು," ಎನ್ನುತ್ತಾರೆ. "ಮನುಸ ಗಾಡಿ ಕುಟೆ ಮಾತಾಡದೇ ಅಲ್ಲಿ. ಕೂಗು ಅಂದ್ರೆ ಕೂಗ್ಬೇಕು, ಸುಮ್ಕಿರು ಅಂದ್ರೆ ಸುಮ್ಕಿರ್ಬೇಕು. ಎರಡ್ರಲ್ಲಿ ಒಂದು ತಪ್ಪುದ್ರೂ ಅದು ಸ್ವಿಚ್ಚಲ್ಲ."

ದಿನಕ್ಕೆ ಆರೋ ಏಳೋ ಬರುತ್ತವೆ. ಅಮಾವಾಸ್ಯೆಯ ಹಿಂದಿನ ದಿನ ಬೆಟ್ಟಕ್ಕೆ ಹೋಗುವವರ ಸಾಲು ಹತ್ತಿದರೆ ಇಪ್ಪತ್ತು. ಇಷ್ಟು ವರ್ಷಗಳಲ್ಲಿ ಕಳೆದುಕೊಂಡ ಗುಂಡುಗಳು ನಾಲ್ಕೇ ನಾಲ್ಕು. ಯಾವುದು ಎಲ್ಲಿಗೆ ಹಾರಿತೆಂದು ಇವತ್ತಿಗೂ ಬೆರಳು ಮಾಡಿ ತೋರಿಸಬಲ್ಲರು. ಎರಡು ಚರಂಡಿಗೆ, ಒಂದು ಮಿಲ್ಲಿನ ಬಾಗಿಲ ಸಂದಿಗೆ, ಒಂದನ್ನು ಕೋಳಿ ನುಂಗಿತು. "ಆ ಕೋಳಿಯ ಯಾರೂ ಕುಯ್ಯನಿಲ್ಲ. ತಾನಾಗೇ ಮುದುಕಿಯಾಗಿ ಸತ್ತೋಯ್ತು. ಅದ್ಕೇ ಸಿಗ್ನಿಲ್ಲ." ಟವೆಲ್ಲನ್ನು ಒದ್ದೆ ಮಾಡಿ ಹಾಸಿಕೊಳ್ಳುವ ಅಭ್ಯಾಸ ಆ ಕೋಳಿಯ ನಂತರದ್ದು. ಒಣ ಬಟ್ಟೆಯ ಮೇಲೆ ಗುಂಡು ಪುಟಿಯುತ್ತದೆ, ಒದ್ದೆಯ ಮೇಲೆ ಕೂರುತ್ತದೆ.

ಬೆರಳಿನ ಎಚ್ಚರ ಮಾತ್ರ ಅದಕ್ಕೂ ಹಳೆಯದು, ರೇಷ್ಮೆಯಿಂದ ಬಂದದ್ದು. ಹದಿನಾರನೆಯ ವಯಸ್ಸಿನಿಂದ ಕೊಳ್ಳೇಗಾಲದ ಒಂದು ಶೆಡ್ಡಿನಲ್ಲಿ ಅವರು ಗೂಡು ಬಿಚ್ಚುತ್ತಿದ್ದರು. ಕುದಿಯುವ ನೀರಿನಲ್ಲಿ ನೂರಾರು ಗೂಡುಗಳು ತೇಲುತ್ತ ಸುತ್ತುತ್ತಿರುವಾಗ ಪ್ರತಿಯೊಂದರ ಎಳೆಯ ತುದಿಯನ್ನೂ ಬೆರಳಲ್ಲೇ ಹುಡುಕಬೇಕು. ಕಣ್ಣಿಗೆ ಅದು ಕಾಣುವುದಿಲ್ಲ. ಹದಿಮೂರು ವರ್ಷ ಹಾಗೆ ಹುಡುಕಿದರು. ಶೆಡ್ಡು ಮುಚ್ಚಿತು. ಹನೂರಿನಲ್ಲಿ ಲಾರಿಗಳ ವೈರಿಂಗ್ ಮಾಡುವವನೊಬ್ಬನ ಜೊತೆ ಏಳು ತಿಂಗಳಿದ್ದರು. ಒಂದು ದಿನ ಯಾರದೋ ಬೈಕಿನ ಸ್ವಿಚ್ಚು ಕೈಗೆ ಬಂತು. ಬಿಚ್ಚಿದರು. "ಇದೂ ಗೂಡೇ ಅನ್ನುಸ್ತು," ಎನ್ನುತ್ತಾರೆ. "ಸುಟ್ಕಳದು ಒಂದಿಲ್ಲ, ಅಷ್ಟೇಯ."

ವಿಚಿತ್ರವೆಂದರೆ ಪುಟ್ಟಸಿದ್ದಯ್ಯನವರಿಗೆ ಬೈಕು ಓಡಿಸಲು ಬಾರದು. ಕಲಿಯಲಿಲ್ಲ. ಸುತ್ತಲ ರಸ್ತೆಗಳೆಲ್ಲ ಅವರಿಗೆ ಗೊತ್ತಿರುವುದು ಸ್ವಿಚ್ಚಿನ ಒಳಗಿನಿಂದ. ಕುಂತೂರಿನ ಗಾಡಿಯನ್ನು ಬಿಚ್ಚಿದರೆ ಒಳಗೆ ಕಬ್ಬಿನ ಹಾಲಿನ ಅಂಟು, ಅಂಟಿಗೆ ಸಿಕ್ಕಿ ಸತ್ತ ಇರುವೆ. ಯಳಂದೂರಿನದರಲ್ಲಿ ಭತ್ತದ ತೌಡಿನಂಥ ನಯವಾದ ಧೂಳು. ಹನೂರಿನಾಚೆಯದರಲ್ಲಿ ಕೆಂಪು ಮಣ್ಣು. ಮಧ್ಯಾಹ್ನ ಜಗಲಿಯಲ್ಲೇ ಒರಗಿ ನಿದ್ದೆ ಹೋದಾಗ ಆ ರಸ್ತೆಗಳು ಕನಸಿಗೆ ಬರುತ್ತವಂತೆ. ಕನಸಿನಲ್ಲಿ ಗಾಡಿ ಅವರೇ ಓಡಿಸುತ್ತಾರೆ. ಸದ್ದೇ ಇರುವುದಿಲ್ಲ. ಎದುರಿಗೆ ಬರುವ ಪ್ರತಿಯೊಬ್ಬರೂ ಅವರು ಸ್ವಿಚ್ಚು ಮಾಡಿಕೊಟ್ಟವರೇ, ಎಲ್ಲರೂ ಹೆಬ್ಬೆರಳು ಎತ್ತಿ ತೋರಿಸಿ ಹೋಗುತ್ತಾರೆ.

ಹೆಂಡತಿ ಕೆಂಪಾಜಮ್ಮ ಈ ಕನಸನ್ನು ನಂಬುವುದಿಲ್ಲ. ಈಗ ಹಿಡಿಯಿರುವ ತೂಕು ಪಾತ್ರೆಯಲ್ಲಿ ಕಾಫಿ ಹಿಡಿದು ಬಂದವರು ಜಗಲಿಯ ಮೇಲೆ ಅದನ್ನು ಕುಕ್ಕುತ್ತಾರೆ.

"ಊರ್ಗೆಲ್ಲ ಆರನ್ ಮಾಡ್ಕೊಡ್ತಾನೆ ಕನವ್ವ ಇಂವ," ಎಂದು ಕವಿತಳಿಗೆ ದೂರು ಹೇಳುತ್ತಾರೆ. "ಮನೇಲಿ ನಾ ಕೂಗುದ್ರೆ ಮಾತ್ರ ಕೇಳಕಿಲ್ಲ."

"ನಿನ್ ಬಟನ್ನು ಕಚ್ಕಂಡದೆ, ಬುಟ್ರೂ ನಿಲ್ಲಕಿಲ್ಲ," ಎನ್ನುತ್ತಾರೆ ಪುಟ್ಟಸಿದ್ದಯ್ಯ, ತಲೆ ಎತ್ತದೆ.

ಕವಿತ ನಗುತ್ತಾಳೆ. ಪ್ರಭುಸ್ವಾಮಿ ನಗುವುದಿಲ್ಲ. ಅವನು ಮತ್ತೆ ಮತ್ತೆ ಮೊಬೈಲಿನಲ್ಲಿ ಗಂಟೆ ನೋಡುತ್ತಾನೆ.

ಅವನ ಆತುರಕ್ಕೆ ಕಾರಣವಿದೆ. ಪ್ರತಿ ಗುರುವಾರ ಏಳೂವರೆಗೆ ಅವನು ಹನೂರಿನ ಆಸ್ಪತ್ರೆಯ ಮುಂದೆ ಇರಬೇಕು. ಮಕ್ಕಳ ಲಸಿಕೆಯನ್ನು ಐಸಿನ ಜೊತೆ ಒಂದು ನೀಲಿ ಡಬ್ಬಿಯಲ್ಲಿಟ್ಟು ಕೊಡುತ್ತಾರೆ. ಅದನ್ನು ಹೆಗಲಿಗೆ ಹಾಕಿಕೊಂಡು ಕಾಡಂಚಿನ ಮೂರು ಊರುಗಳಿಗೆ ಮುಟ್ಟಿಸುವುದು ಅವನ ಕೆಲಸ. ಹತ್ತೂವರೆಯೊಳಗೆ ಮೂರನೆಯ ಊರು. ಅಲ್ಲಿ ತಾಯಂದಿರು ಮಕ್ಕಳನ್ನು ಮಡಿಲಲ್ಲಿ ಕಟ್ಟಿಕೊಂಡು ಶಾಲೆಯ ಜಗಲಿಯಲ್ಲಿ ಕೂತಿರುತ್ತಾರೆ. ದಾರಿ ಪೂರ್ತಿ ತಿರುವು, ಪೂರ್ತಿ ಕಾಡು. ತಿರುವಿನಲ್ಲಿ ಹಾರನ್ ಹೊಡೆಯದಿದ್ದರೆ ಎದುರಿನ ಬಸ್ಸು ಮೇಲೆ ಬರುತ್ತದೆ. ಆನೆ ಇದ್ದಲ್ಲಿ ಹೊಡೆದರೆ ಆನೆ ಮೇಲೆ ಬರುತ್ತದೆ.

ಹೋದ ಗುರುವಾರ ಆ ದಾರಿ ಸದ್ದನ್ನೂ ಮೌನವನ್ನೂ ಒಂದೇ ತಿರುವಿನಲ್ಲಿ ಕೇಳಿತು.

"ತಿರುವ್ನಲ್ಲಿ ನಾ ಒತ್ತುದಿ ಅಣ್ಣ, ಬಸ್ ಬತ್ತದೆ ಅಂತ," ಎನ್ನುತ್ತಾನೆ ಪ್ರಭುಸ್ವಾಮಿ. ಕಾಫಿಯ ಲೋಟ ಅವನ ಕೈಯಲ್ಲಿ ತಣ್ಣಗಾಗುತ್ತಿದೆ. "ಒತ್ತುದ್ ಬಟನ್ನು ಮೇಲಕ್ಕೆ ಬರ್ನೇ ಇಲ್ಲ. ಕಿರುಚ್ತಾನೇ ಅದೆ. ಅಂಗೇ ತಿರುಗ್ದಿ, ನೋಡುದ್ರೆ ಮುಂದ್ಲೇ ನಿಂತದೆ. ಪಕ್ಕದಲ್ಲಿ ಮರಿ."

"ಎಷ್ಟ್ ದೂರ್ಲಾ?"

"ಇಲ್ಲಿಂದ ಆ ಮೈಲಿಗಲ್ಲು."

ಪುಟ್ಟಸಿದ್ದಯ್ಯ ತಲೆಯೆತ್ತಿ ನೋಡುತ್ತಾರೆ. ಮೈಲಿಗಲ್ಲು ಮಂಜಿನಲ್ಲಿ ಕಂಡೂ ಕಾಣದಂತಿದೆ. ಇಪ್ಪತ್ತು ಹೆಜ್ಜೆ ಇರಬಹುದು.

ಹಾರನ್ ನಿಲ್ಲಲಿಲ್ಲ. ಪ್ರಭುಸ್ವಾಮಿ ಬಟನ್ನನ್ನು ಗುದ್ದಿದ, ಉಗುರು ಹಾಕಿ ಕೆದಕಿದ, ಎಂಜಿನ್ ಆರಿಸಿದ. ಆ ಹಳೆಯ ಗಾಡಿಯ ಹಾರನ್ನಿಗೆ ತಂತಿ ನೇರ ಬ್ಯಾಟರಿಯಿಂದ. ಎಂಜಿನ್ ನಿಂತು ಹಾರನ್ ಒಂದೇ ಉಳಿದಾಗ ಕಾಡು ಮೊದಲಿಗಿಂತ ದೊಡ್ಡದಾಗಿ ಕಿರುಚಿದಂತಾಯಿತು. ಆನೆ ಕಿವಿ ಅಗಲಿಸಿ ಮೂರು ಹೆಜ್ಜೆ ಮುಂದೆ ಬಂತು. ಅವನು ಹೆಡ್‌ಲೈಟಿನ ಕೆಳಗೆ ಕೈ ಹಾಕಿ ಸಿಕ್ಕಿದ ತಂತಿಯನ್ನು ಹಿಡಿದು ಕಿತ್ತ. ಸದ್ದು ನಿಂತಿತು. ಆಮೇಲಿನದು ಅವನಿಗೆ ಸರಿಯಾಗಿ ನೆನಪಿಲ್ಲ. ಹೆಗಲ ಡಬ್ಬಿಯೊಳಗೆ ಐಸು ಕರಗುವ ಸದ್ದು ಕೇಳಿಸುತ್ತಿತ್ತು ಎನ್ನುತ್ತಾನೆ. ಐಸು ಕರಗುವುದಕ್ಕೆ ಸದ್ದಿಲ್ಲ, ಅವನಿಗೂ ಗೊತ್ತು. ಆನೆ ನಿಂತು ಕೇಳಿತು, ಮರಿಯನ್ನು ಸೊಂಡಿಲಿನಿಂದ ತಿರುಗಿಸಿಕೊಂಡಿತು, ಬಿದಿರಿನೊಳಗೆ ಇಳಿದುಹೋಯಿತು.

"ಮಾದಪ್ಪ ಕಾಯ್ದ," ಎನ್ನುತ್ತಾಳೆ ಕವಿತ. ಇವತ್ತು ಅವಳು ಹನೂರಿನ ತನಕ ಗಂಡನ ಹಿಂದೆ ಕೂತು ಹೋಗುತ್ತಾಳೆ. ಅಲ್ಲಿಂದಾಚೆ ಒಬ್ಬನೇ ಹೋಗಬೇಕು. ಈ ವಾರ ಬೇಡ ಎಂದು ಅವಳು ಮೂರು ದಿನ ಹೇಳಿದ್ದಾಳೆ. ಆ ಊರುಗಳಿಗೆ ಬೇರೆ ಯಾರು ಹೋಗುತ್ತಾರೆ ಎಂದು ಅವನು ಮೂರು ದಿನ ಕೇಳಿದ್ದಾನೆ. ಕೊನೆಗೆ ಹಾರನ್ ಸರಿಯಾದರೆ ಹೋಗು ಎಂದು ಒಪ್ಪಿದ್ದಾಳೆ.

ಪುಟ್ಟಸಿದ್ದಯ್ಯ ಬಟನ್ನಿನ ಅಂಚಿಗೆ ಸೂಜಿಯ ತುದಿ ಹಾಕಿ ಮೆಲ್ಲಗೆ ಎಬ್ಬುತ್ತಾರೆ. ಬೆಳ್ಳನೆಯ ಹಕ್ಕಳೆಯೊಂದು ಏಳುತ್ತದೆ. ಬಟನ್ನಿನ ಸುತ್ತ, ಅದು ಒಳಹೋಗಿ ಹೊರಬರುವ ಸಂದಿನ ಉದ್ದಕ್ಕೂ, ಸ್ಪ್ರಿಂಗಿನ ಸುರುಳಿ ಸುರುಳಿಯ ನಡುವೆ, ಗಾರೆಯಂತೆ ಗಟ್ಟಿಯಾಗಿ ಕೂತಿದೆ ಬೂದಿ.

ಅವರು ಅದನ್ನು ಮೊದಲ ಸಲ ನೋಡುತ್ತಿಲ್ಲ. ತಮ್ಮ ಬಳಿಗೆ ಬರುವ ಸ್ವಿಚ್ಚುಗಳಲ್ಲಿ ಅರ್ಧಕ್ಕರ್ಧ ಕೆಡುವುದು ಇದರಿಂದಲೇ ಎಂದು ಅವರಿಗೆ ಗೊತ್ತಿದೆ. ಈ ಸೀಮೆಯಲ್ಲಿ ಗಾಡಿ ಎಂದರೆ ಮಾದಪ್ಪನ ಗಾಡಿ. ಹೊಸದು ಕೊಂಡರೆ ಬೆಟ್ಟಕ್ಕೆ, ಮಗು ಹುಟ್ಟಿದರೆ ಬೆಟ್ಟಕ್ಕೆ, ಸುಮ್ಮನೆ ಮನಸ್ಸಾದರೂ ಬೆಟ್ಟಕ್ಕೆ. ತಂದ ಧೂಳ್ತವನ್ನು, ಅಂದರೆ ಮಾದಪ್ಪನ ವಿಭೂತಿಯನ್ನು, ನೀರಿನಲ್ಲೋ ಎಳನೀರಿನಲ್ಲೋ ಕಲಸಿ ಮೂರು ಬೆರಳಲ್ಲಿ ಗಾಡಿಗೆ ಎಳೆಯುತ್ತಾರೆ. ಟ್ಯಾಂಕಿಗೆ, ಹೆಡ್‌ಲೈಟಿಗೆ, ಕೈ ಹಿಡಿಯುವ ಜಾಗವಲ್ಲವೇ ಎಂದು ಹ್ಯಾಂಡಲ್ಲಿಗೆ. ಒದ್ದೆಯಿದ್ದಾಗ ಅದು ಸಂದಿಗೆ ಇಳಿಯುತ್ತದೆ, ಒಣಗಿದಾಗ ಕಚ್ಚಿಕೊಳ್ಳುತ್ತದೆ.

ಹದಿನೆಂಟು ವರ್ಷದ ಹಿಂದೆ ಒಮ್ಮೆ ಅವರು ಈ ಮಾತು ಬಾಯಿ ಬಿಟ್ಟು ಹೇಳಿದ್ದರು. ಗಾಡಿ ಕುಂತೂರಿನ ಕಬ್ಬಿನ ಬೆಳೆಗಾರ ಕೆಂಪನಂಜಪ್ಪನವರದು. ಹಣೆಯ ತುಂಬ ವಿಭೂತಿ ಹಚ್ಚುವ ದೊಡ್ಡ ಮನುಷ್ಯರು. "ಬುದ್ದಿ, ಸ್ವಿಚ್ಚಿಗೆ ಧೂಳ್ತ ಬಳೀಬ್ಯಾಡಿ, ಒಳಗೋಗಿ ಕೊಳೆ ಕಟ್ಕತದೆ," ಎಂದರು ಪುಟ್ಟಸಿದ್ದಯ್ಯ. ಕೆಂಪನಂಜಪ್ಪ ಜೋರು ಮಾಡಲಿಲ್ಲ. "ಮಾದಪ್ಪನ್ದು ನಿನಗೆ ಕೊಳೆಯಾ?" ಎಂದು ಮೆಲ್ಲಗೆ ಕೇಳಿದರು. ಬಿಚ್ಚಿದ ಸ್ವಿಚ್ಚನ್ನು ಹಾಗೇ ಕರ್ಚೀಫಿನಲ್ಲಿ ಕಟ್ಟಿಕೊಂಡು ಗಾಡಿ ತಳ್ಳಿಕೊಂಡು ಹೋದರು. ಆ ವರ್ಷ ಕಬ್ಬು ಅರೆಯುವಷ್ಟು ಕಾಲವೂ ಕುಂತೂರಿನ ಒಂದು ಗಾಡಿಯೂ ಈ ಜಗಲಿಯ ಮುಂದೆ ನಿಲ್ಲಲಿಲ್ಲ. ಮನೆಯಲ್ಲಿ ಕೆಂಪಾಜಮ್ಮ ಮೂರು ದಿನ ಮಾತು ಬಿಟ್ಟರು. ಪುಟ್ಟಸಿದ್ದಯ್ಯ ಸೋಮವಾರ ಒಪ್ಪೊತ್ತಿನಲ್ಲಿರುವವರು, ವರ್ಷಕ್ಕೊಮ್ಮೆ ಬೆಟ್ಟಕ್ಕೆ ನಡೆದೇ ಹೋಗುವವರು. ಅಲ್ಲಿ ಹೋಗಿ ನಿಂತು, ತಪ್ಪಾಯ್ತು ಎಂದರು. ತಪ್ಪು ಯಾವುದೆಂದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಅಂದಿನಿಂದ ಎಲ್ಲವೂ ಮಳೆಯ ಮೇಲೆ. ಯಾನಾಗಿತ್ತು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಮಳೆ ನೀರು ಕಣ್ರಿ." ಮಳೆಗೆ ಬೇಜಾರಿಲ್ಲ, ಮಳೆ ತಿರುಗಿ ಬಂದು ಕೇಳುವುದಿಲ್ಲ. ಮಳೆಯೇ ಬಾರದ ವರ್ಷ "ಮಂಜು" ಎಂದರು. ಕೆರೆದು ತೆಗೆದ ಬೂದಿಯನ್ನು ನೆಲಕ್ಕೆ ಚೆಲ್ಲದೆ ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಾರೆ. ತುಂಬಿದಾಗ ಯಾರೂ ತುಳಿಯದ ಕಡೆ, ಮಿಲ್ಲಿನ ಹಿಂದಿನ ಬೇವಿನ ಬುಡಕ್ಕೆ ಸುರಿಯುತ್ತಾರೆ. ಹದಿನೆಂಟು ವರ್ಷದಲ್ಲಿ ಹನ್ನೊಂದು ಡಬ್ಬಿ.

ಇದೇ ಪ್ರಭುಸ್ವಾಮಿಯ ಇದೇ ಸ್ವಿಚ್ಚನ್ನು ಆರು ವಾರದ ಹಿಂದೆ ಅವರೇ ಬಿಚ್ಚಿದ್ದರು. ಬೂದಿ ತೆಗೆದು ಹೊಳೆಯುವಂತೆ ಮಾಡಿ, "ಮಳೆ ನೀರು ಕಣ್ಲಾ" ಎಂದು ಕಳಿಸಿದ್ದರು. ಈಗ ಅದೇ ಸಂದಿಯಲ್ಲಿ ಆರು ಸಲ ಬಳಿದ ಬೂದಿ ಪದರ ಪದರವಾಗಿ ಕೂತಿದೆ. ಸೂಜಿಯ ತುದಿಯಲ್ಲಿ ಒಂದೊಂದೇ ಪದರ ಏಳುತ್ತಿರುವಾಗ ಅವರಿಗೆ ಒಂದೊಂದೂ ಎಣಿಕೆಗೆ ಸಿಗುತ್ತದೆ. ಐದನೆಯದರ ಮೇಲೆ ಹಾರನ್ ಕಚ್ಚಿಕೊಂಡಿತು. ಆರನೆಯದು ಆನೆಯಾದ ಮೇಲಿನದು, ಎಲ್ಲಕ್ಕಿಂತ ದಪ್ಪ.

"ಯಾನಾಗಿತ್ತಣ್ಣ?" ಕವಿತ ಬಗ್ಗಿ ನೋಡುತ್ತಾಳೆ.

ಪುಟ್ಟಸಿದ್ದಯ್ಯನವರ ಬಾಯಿ ಅಭ್ಯಾಸದಂತೆ ತೆರೆಯುತ್ತದೆ. "ಮಳೆ..." ಎನ್ನುತ್ತಾರೆ.

"ಮಳೆ ಎಲ್ಲಣ್ಣ ಬಂತು? ದೀಪಾವಳಿ ಆದ್ಮೇಲೆ ಒಂದನಿ ಇಲ್ಲ."

ಅವರು ಸೀಮೆಎಣ್ಣೆಯ ಬಾಟಲಿಯ ಪಕ್ಕದಿಂದ ಪೆಟ್ರೋಲು ಸುರಿದಿಟ್ಟ ಮುಚ್ಚಳ ಎತ್ತಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಅದ್ದಿ ತಿಕ್ಕುತ್ತಾರೆ. ಬೂದಿಯಡಿಯ ಹಿತ್ತಾಳೆ ಪಟ್ಟಿ ಹಸಿರು ಕಿಲುಬು ಹಿಡಿದಿದೆ. ಮರಳು ಕಾಗದದ ಚೂರನ್ನು ಬೆಂಕಿಕಡ್ಡಿಗೆ ಸುತ್ತಿ ಅದನ್ನು ಉಜ್ಜುತ್ತಾರೆ. ಹಸಿರಿನ ಕೆಳಗಿನಿಂದ ಹಳದಿ ಮೆಲ್ಲಗೆ ಮೇಲೆ ಬರುತ್ತದೆ. ಅದೇ ಹೊತ್ತಿಗೆ ಮಂಜಿನ ಹಿಂದಿನ ಆಕಾಶವೂ ಅದೇ ಬಣ್ಣಕ್ಕೆ ತಿರುಗುತ್ತಿದೆ. ಎರಡರಲ್ಲಿ ಯಾವುದನ್ನು ಅವರು ಉಜ್ಜುತ್ತಿದ್ದಾರೆ ಎಂದು ಒಂದು ಕ್ಷಣ ಹೇಳುವುದು ಕಷ್ಟ.

ಸ್ಪ್ರಿಂಗು ಸೋತಿದೆ. ಜೇಬಿನಿಂದ ಅಗ್ಗದ ಪೆನ್ನೊಂದನ್ನು ತೆಗೆದು ಬಿಚ್ಚಿ, ಅದರೊಳಗಿನ ಸ್ಪ್ರಿಂಗನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಇಕ್ಕಳದಲ್ಲಿ ಅಳತೆಗೆ ಕತ್ತರಿಸುತ್ತಾರೆ. ಎಷ್ಟು ಸುರುಳಿ ಬೇಕೆಂದು ಎಣಿಸುವುದಿಲ್ಲ. ಬೆರಳಿನಡಿ ಒತ್ತಿ, ಬಿಟ್ಟು, ಒತ್ತಿ, ಇನ್ನರ್ಧ ಸುರುಳಿ ಕತ್ತರಿಸುತ್ತಾರೆ. ಕಿತ್ತ ತಂತಿಗೆ ಬೆಸುಗೆ ಹಾಕುತ್ತಾರೆ. ಗುಂಡನ್ನು ಚೂರು ಗ್ರೀಸು ಹಚ್ಚಿದ ಬೆರಳ ತುದಿಯಲ್ಲಿ ಎತ್ತಿ ಅದರ ಮನೆಗೆ ಕೂರಿಸುತ್ತಾರೆ. ಈ ಸಲ ಯಾರೂ ಹೇಳದೆ ನಾಲ್ವರೂ ಉಸಿರು ಕಟ್ಟುತ್ತಾರೆ, ಕೆಂಪಾಜಮ್ಮ ಕೂಡ. ಎರಡು ಸ್ಕ್ರೂ, ನಾಲ್ಕು ಸ್ಕ್ರೂ. ಸ್ವಿಚ್ಚು ಹ್ಯಾಂಡಲ್ಲಿಗೆ ಏರುತ್ತದೆ.

ಆರೂ ಮುಕ್ಕಾಲು.

"ಒತ್ತು," ಎನ್ನುತ್ತಾರೆ.

ಪ್ರಭುಸ್ವಾಮಿಯ ಹೆಬ್ಬೆರಳು ಬಟನ್ನಿನ ಮೇಲೆ ಬಂದು ನಿಲ್ಲುತ್ತದೆ, ಒತ್ತುವುದಿಲ್ಲ. ಒಂದು ವಾರದಿಂದ ಅದು ಒತ್ತಿಲ್ಲ.

"ಲೇ, ಇಲ್ಲೇನು ಆನೆ ಇಲ್ಲ ಕಣ್ಲಾ. ಇರಾದು ಕೆಂಪಾಜಿ ಒಬ್ಳೇಯ. ಒತ್ತು."

ಒತ್ತುತ್ತಾನೆ. ಪೀಂ. ಬಿಡುತ್ತಾನೆ, ನಿಲ್ಲುತ್ತದೆ. ಪೀಂ. ನಿಲ್ಲುತ್ತದೆ. ಬೇಗ ಬೇಗ ಹತ್ತು ಸಲ ಒತ್ತಿ ಬಿಡುತ್ತಾನೆ. ಹತ್ತು ಸಲವೂ ಸದ್ದಿನ ಅಂಚು ಚಾಕುವಿನಿಂದ ಕೊಯ್ದಂತೆ ಕೊನೆಯಾಗುತ್ತದೆ. ಅವನ ಮುಖದಲ್ಲಿ ಇವತ್ತಿನ ಮೊದಲ ನಗು.

"ಸಾಕು ನಡಿ, ಡಬ್ಬಿ ಕಾಯ್ತದೆ," ಎನ್ನುತ್ತಾರೆ ಪುಟ್ಟಸಿದ್ದಯ್ಯ.

"ಒಂದ್ನಿಮ್ಸ," ಎನ್ನುತ್ತಾಳೆ ಕವಿತ.

ಸೀರೆಯ ಸೆರಗಿನ ಗಂಟು ಬಿಚ್ಚಿ ಅವಳು ಕಾಗದದ ಪೊಟ್ಟಣ ತೆಗೆಯುತ್ತಾಳೆ. ಅಂಗೈಗೆ ಬೂದಿ ಸುರಿದುಕೊಂಡು, ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿ ಬೆರಳಲ್ಲಿ ಕಲಸುತ್ತಾಳೆ. ಕಣ್ಣು ಮುಚ್ಚಿ ಏನನ್ನೋ ಹೇಳಿಕೊಳ್ಳುತ್ತಾಳೆ. ಮೊದಲು ಗಂಡನ ಹಣೆಗೆ ಮೂರು ಗೆರೆ. ಆಮೇಲೆ ಟ್ಯಾಂಕಿಗೆ. ಆಮೇಲೆ ಅವಳ ಕೈ ಎಡ ಹ್ಯಾಂಡಲ್ಲಿನ ಕಡೆ ಬರುತ್ತದೆ.

ಪುಟ್ಟಸಿದ್ದಯ್ಯನವರ ಅಂಗೈ ಅದಕ್ಕೂ ಮೊದಲು ಸ್ವಿಚ್ಚನ್ನು ಮುಚ್ಚಿಕೊಂಡಿದೆ.

"ಕೈ ತಗಿಯಣ್ಣ."

"ಇಲ್ಲಿಗೆ ಬ್ಯಾಡ ಕನವ್ವ."

"ಮೊದ್ಲು ಇಲ್ಲಿಗೇ ಆಕ್ಬೇಕಿತ್ತು, ಮರ್ತೋಯ್ತು. ಇವ್ನ ಕೈ ಇರಾದು ಇಲ್ಲೇ ಅಲ್ವ?"

"ಮಳೆ ಅಂತ ನಾ ಸುಳ್ಳೇಳ್ದಿ," ಎನ್ನುತ್ತಾರೆ ಪುಟ್ಟಸಿದ್ದಯ್ಯ. ಹದಿನೆಂಟು ವರ್ಷದ ಮಾತು ಹೊರಗೆ ಬಂದಾಗ ಪಿಸುಮಾತಿನಷ್ಟೇ ಇದೆ. "ಮಳೆ ಅಲ್ಲ. ಬಟನ್ನು ಕಚ್ಕಂಡಿದ್ದು ಇದ್ರಿಂದ್ಲೇಯ. ಓದ್ಸಲಾನೂ ಇದ್ರಿಂದ್ಲೇಯ. ನನಗೆ ಗೊತ್ತಿತ್ತು, ಏಳ್ನಿಲ್ಲ."

ಪ್ರಭುಸ್ವಾಮಿ ಹೆಂಡತಿಯ ಮುಖ ನೋಡುತ್ತಾನೆ. ಕೆಂಪಾಜಮ್ಮ ಕಾಫಿ ತೂಕನ್ನು ಎತ್ತಿಕೊಂಡವರು ಹಾಗೇ ನಿಲ್ಲುತ್ತಾರೆ. ಕವಿತಳ ಅಂಗೈಯಲ್ಲಿ ಬೂದಿ ಒಣಗತೊಡಗಿದೆ.

"ಅವತ್ತು ಆನೆ ತಿರುಗ್ಕಂಡು ಓಯ್ತಲ್ಲ," ಎನ್ನುತ್ತಾಳೆ ಅವಳು. "ಅದು ಯಾತ್ರಿಂದ? ನಿನ್ ಸ್ಪ್ರಿಂಗಿಂದ್ಲಾ?"

ಪುಟ್ಟಸಿದ್ದಯ್ಯನವರಿಗೆ ಅದು ಗೊತ್ತಿಲ್ಲ. ಆನೆ ಯಾಕೆ ತಿರುಗಿತೆಂದು ಅವರೂ ಎರಡು ಸಲ ಯೋಚಿಸಿದ್ದಾರೆ, ಈ ಬೆಳಿಗ್ಗೆಯೇ. ಅವರ ಕೈ ಕದಲುವುದಿಲ್ಲ.

"ಒಂದೇ ಗೆರೆ ಅಣ್ಣ. ತೆಳ್ಳಗೆ, ನಾನೇ ಬಟ್ಟೇಲಿ ಒರೆಸ್ಬುಡ್ತೀನಿ."

"ಬ್ಯಾಡ."

"ಮಾದಪ್ಪನ್ದ ಬ್ಯಾಡ ಅಂತಿಯಾ? ನೀನು?"

"ಊಂ ಕನವ್ವ," ಎನ್ನುತ್ತಾರೆ ಪುಟ್ಟಸಿದ್ದಯ್ಯ. "ಬ್ಯಾಡ."